ಚೀಟಿಯಲ್ಲಿ ಚೊಚ್ಚಲು

ಬರ್ಗೆನ್, 7 ನವೆಂಬರ್ 1957

ಪ್ರೀತಿಯ ಅಕ್ಕ,

ನಿನಗೆ ನಗು ಬರುವ ಸುದ್ದಿಯೊಂದಿದೆ. ಇಪ್ಪತ್ತೇಳು ವರ್ಷದ ನಾನು ಮತ್ತೆ ಪಾಠಕ್ಕೆ ಹೋಗುತ್ತಿದ್ದೇನೆ, ಅದೂ ಉಸಿರಾಡುವುದನ್ನು ಕಲಿಯಲು! ಇಲ್ಲಿ ಬಸುರಿಯರಿಗೆಂದೇ ಮಂಗಳವಾರ ಸಂಜೆ ತರಗತಿ ಶುರುಮಾಡಿದ್ದಾರೆ. ತಾನು ಕೆಲಸ ಮಾಡುವ ಟ್ರಾಮ್ ವರ್ಕ್‌ಶಾಪಿನ ಗೋಡೆಯ ಮೇಲೆ ಅಂಟಿಸಿದ್ದ ಕಾಗದ ನೋಡಿ ನನ್ನ ಗಂಡರಾಯ ಅರ್ವಿದ್ ನನ್ನನ್ನು ಕೇಳದೆಯೇ ಹೆಸರು ಬರೆಸಿ ಬಂದ.

ಶಾಲೆಯೊಂದರ ವ್ಯಾಯಾಮದ ಹಜಾರದಲ್ಲಿ ನಾವು ಎಂಟು ಜನ ಚಾಪೆಯ ಮೇಲೆ ತಿಮಿಂಗಿಲಗಳ ಹಾಗೆ ಮಲಗಿರುತ್ತೇವೆ. ಕಲಿಸುವವರು ಸಿಸ್ಟರ್ ಡಾಗ್ನಿ. ತೆಳ್ಳಗಿನ ಹೆಂಗಸು, ಕೈಯಲ್ಲಿ ಸದಾ ಗಡಿಯಾರ. ಮೊದಲ ದಿನ ಒಬ್ಬೊಬ್ಬರನ್ನೇ ಕರೆದು ಹೆಸರು, ತಿಂಗಳು, ಎಷ್ಟನೆಯದು ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡರು. ಅರ್ವಿದ್ ನನ್ನ ಕೋಟು ಹಿಡಿದು ಪಕ್ಕದಲ್ಲೇ ನಿಂತಿದ್ದ. "ಮೊದಲನೇದು" ಎಂದೆ. ಅವರು ಶಾಯಿಯಲ್ಲಿ "ಚೊಚ್ಚಲು" ಎಂದು ಬರೆದರು.

ಆಮೇಲೆ ಒಂದು ಸಣ್ಣ ಎಡವಟ್ಟಾಯಿತು. "ನೋವು ಎಲ್ಲಿಂದ ಶುರುವಾಗತ್ತೆ, ಯಾರಿಗಾದ್ರೂ ಗೊತ್ತೇನ್ರಮ್ಮಾ?" ಎಂದು ಸಿಸ್ಟರ್ ಕೇಳಿದರು. ನನ್ನ ಬಾಯಿಂದ ತಾನಾಗಿ ಬಂತು: "ಸೊಂಟದ ಹಿಂದಿನಿಂದ. ಆಮೇಲೆ ಬೆಲ್ಟು ಬಿಗಿದ ಹಾಗೆ ಮುಂದಕ್ಕೆ ಬರತ್ತೆ." ಸಿಸ್ಟರ್ ನನ್ನನ್ನೇ ನೋಡಿದರು. "ನಮ್ಮಕ್ಕ ಸೂಲಗಿತ್ತಿ" ಎಂದುಬಿಟ್ಟೆ. ಎಲ್ಲರೂ ನಕ್ಕರು. ಸಿಸ್ಟರೂ ನಕ್ಕರು, ಸ್ವಲ್ಪ ತಡವಾಗಿ.

ಇನ್ನೊಂದು ಮಾತು. ನಿನ್ನ ಹಿಂದಿನ ಲಕೋಟೆಯ ಅಂಟು ಸುಕ್ಕುಗಟ್ಟಿತ್ತು. ಎರಡು ಸಲ ಅಂಟಿಸಿದ್ದೆಯಾ? ಅಂಚೆಯವನು ಕಾಗದಗಳನ್ನು ಕೆಳಗಿನ ಮನೆಯಲ್ಲಿರುವ ಅತ್ತೆಯ ಕೈಗೆ ಕೊಟ್ಟು ಹೋಗುತ್ತಾನೆ. ಅವರು ಮೇಲೆ ತಂದುಕೊಡುವುದು ಕಾಫಿಯ ಹೊತ್ತಿಗೆ.

ನಿನ್ನ
ಸಿನ್ನೋವೆ


ಸ್ಟೂರ್‌ಹೊಲ್ಮ ದ್ವೀಪ, 15 ನವೆಂಬರ್ 1957

ಸಿನ್ನೋವೆ,

ಇಪ್ಪತ್ತು ವರ್ಷದಲ್ಲಿ ಈ ದ್ವೀಪದಲ್ಲೂ ಸುತ್ತಲ ದ್ವೀಪಗಳಲ್ಲೂ ಆರುನೂರು ಮಕ್ಕಳನ್ನು ಈ ಕೈಯಲ್ಲಿ ಹಿಡಿದಿದ್ದೇನೆ. ಉಸಿರಾಡಲು ಮರೆತ ತಾಯಿಯನ್ನು ಇನ್ನೂ ಕಂಡಿಲ್ಲ. ಆ ಗಡಿಯಾರದ ಹೆಂಗಸು ತಾನೇ ಎಷ್ಟು ಹೆರಿಗೆ ಮಾಡಿಸಿದ್ದಾಳೆ ಎಂದು ಒಮ್ಮೆ ಕೇಳು. ಚೀಟಿ ಬರೆಯುವವರನ್ನು ನಾನು ಸುಲಭಕ್ಕೆ ನಂಬುವವಳಲ್ಲ.

ಪಾದ ಊದಿಕೊಂಡಿದೆಯೇ? ಉಂಗುರ ಬಿಗಿಯಾಗುತ್ತಿದೆಯೇ? ಮೀನೆಣ್ಣೆ ತಪ್ಪಿಸಬೇಡ. ತರಗತಿಯಲ್ಲಿ ಬಾಯಿ ಮುಚ್ಚಿಕೊಂಡಿರು. ಏನೂ ಗೊತ್ತಿಲ್ಲದವಳ ಹಾಗೆ ಇರುವುದೂ ಒಂದು ಕೆಲಸವೇ, ಅದನ್ನು ಸರಿಯಾಗಿ ಮಾಡು.

ನಾನು ಲಕೋಟೆಯನ್ನು ಒಂದೇ ಸಲ ಅಂಟಿಸುತ್ತೇನೆ. ಈ ಸಲ ಅಂಟಿನ ಅಂಚಿನ ಮೇಲೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದಿದ್ದೇನೆ. ಗೆರೆಯ ಎರಡು ತುಂಡು ಕೂಡುತ್ತವೆಯೇ ನೋಡು. ಇದನ್ನು ಮೊದಲು ಓದುತ್ತಿರುವವರು ಬೇರೆ ಯಾರಾದರೂ ಆಗಿದ್ದರೆ ಅವರಿಗೂ ನನ್ನ ನಮಸ್ಕಾರ.

ಬೊರ್ಘಿಲ್ಡ್


ಬರ್ಗೆನ್, 28 ನವೆಂಬರ್ 1957

ಅಕ್ಕ,

ಗೆರೆ ಕೂಡಿತ್ತು. ಆದರೆ ಎಷ್ಟು ಅಚ್ಚುಕಟ್ಟಾಗಿ ಕೂಡಿತ್ತೆಂದರೆ, ಯಾರೋ ಅಳಿಸಿ ಮತ್ತೆ ಎಳೆದಂತಿತ್ತು. ನಿನ್ನ ಪೆನ್ಸಿಲ್ ಅಷ್ಟು ಕಪ್ಪೇ?

ಅತ್ತೆಯ ಕಣ್ಣು ನನ್ನ ಮೇಲೇ ಇದೆ. ಮೊನ್ನೆ ಸ್ನಾನದ ಕೋಣೆಗೆ ಟವೆಲ್ ಕೊಡುವ ನೆಪದಲ್ಲಿ ಒಳಗೇ ಬಂದರು. ನನ್ನ ಹೊಟ್ಟೆಯ ಕೆಳಗೆ ದಿಟ್ಟಿಸಿ ನೋಡಿ, "ಈ ಕೆಂಪು ಗೀರು ಈಗಿಂದು ಸರಿ. ಆ ಬಿಳಿ ಗೀರು ಯಾವಾಗಿಂದಮ್ಮ?" ಎಂದರು. "ಚಿಕ್ಕವಳಿದ್ದಾಗ ತುಂಬ ದಪ್ಪ ಇದ್ದೆ ಅತ್ತೆ" ಎಂದೆ. "ಓ, ದಪ್ಪ ಇದ್ಯಾ" ಎಂದು ಬಾಗಿಲು ಎಳೆದುಕೊಂಡು ಹೋದರು. ಊಟದ ಹೊತ್ತಿಗೆ ಅರ್ವಿದ್‌ನ ಎದುರಿಗೇ, "ಚೊಚ್ಚಲಿಗೆ ಇಷ್ಟು ಧೈರ್ಯ ಇರೋ ಹುಡುಗೀನ ನಾನು ನೋಡೇ ಇಲ್ಲಪ್ಪ" ಎಂದರು. ಅವನು ಅದನ್ನು ಹೊಗಳಿಕೆ ಎಂದುಕೊಂಡು ನನಗೆ ಇನ್ನೊಂದು ಮೀನಿನ ಉಂಡೆ ಬಡಿಸಿದ.

ತರಗತಿಯಲ್ಲಿ ನೀನು ಹೇಳಿದಂತೆಯೇ ಇದ್ದೇನೆ. ಕಳೆದ ವಾರ ಅಪ್ಪಂದಿರನ್ನೂ ಕರೆದಿದ್ದರು. ಗೊಂಬೆಗೆ ಸ್ನಾನ ಮಾಡಿಸುವಾಗ ಅರ್ವಿದ್ ಅದರ ತಲೆಯನ್ನು ನೀರಲ್ಲಿ ಮುಳುಗಿಸಿಬಿಟ್ಟ. ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಅಂಥವನಿಗೆ ನಾನು ಏನೂ ಮುಚ್ಚಿಡದ ಹೆಂಡತಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ರಕ್ತದ ಗುಂಪು ಬರೆದ ಚೀಟಿ ಬಂದಿದೆ. ನನ್ನದು ಮೈನಸ್ ಅಂತೆ. ಅರ್ವಿದ್‌ದು ಪ್ಲಸ್, ಅವನು ಆಗಾಗ ರಕ್ತ ಕೊಡುತ್ತಾನೆ, ಅವನಿಗೆ ಗೊತ್ತಿತ್ತು. ಸಿಸ್ಟರ್ ಡಾಗ್ನಿ ಚೀಟಿ ನೋಡಿ, "ಚೊಚ್ಚಲಲ್ವಾ, ಯೋಚ್ನೆ ಮಾಡ್ಬೇಡಿ. ಮತ್ತೆ ಪರೀಕ್ಷೇನೂ ಬೇಕಿಲ್ಲ. ಮುಂದಿನ ಸಲ ಬೇಕಾದ್ರೆ ನೋಡ್ಕೊಳ್ಳೋಣ" ಎಂದರು. ನಿಮ್ಮ ಕಡೆ ಇದನ್ನೆಲ್ಲ ನೋಡುತ್ತೀರಾ?

ಸಿನ್ನೋವೆ


ಸ್ಟೂರ್‌ಹೊಲ್ಮ, 5 ಡಿಸೆಂಬರ್ 1957

ಸಿನ್ನೋವೆ,

ನಿನ್ನ ಪತ್ರವನ್ನು ನಿಂತುಕೊಂಡೇ ಓದಿದೆ, ಕೂತು ಇನ್ನೊಮ್ಮೆ ಓದಿದೆ.

ಇವತ್ತು ನಮ್ಮ ಕೆಂಪು ಹಸುವಿನ ವಿಷಯ ಬರೆಯುತ್ತೇನೆ. ಅದು ಮತ್ತೆ ಗಬ್ಬವಾಗಿದೆ. ಟೆಲಿಫೋನ್ ಕಂಬ ನೆಟ್ಟ ವರ್ಷ ಅದು ಈದ ಮೊದಲ ಕರುವನ್ನು ಬೇರೆಯವರಿಗೆ ಕೊಟ್ಟೆವಲ್ಲ, ನೆನಪಿದೆಯೇ? ಈಗಿನ ಯಜಮಾನ ಅದನ್ನು ಇನ್ನೂ ಈಯದ ಕಡಸೆಂದೇ ತಿಳಿದು ಕೊಂಡುಕೊಂಡಿದ್ದಾನೆ. ಮೊದಲ ಕರುವಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಆಗಬಹುದು. ಹಸುವಿನ ರಕ್ತವನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಡಾಕ್ಟರಿಗೆ ಮೊದಲ ಕರುವಿನ ವಿಷಯ ಹೇಳದೆ ಅದು ಆಗುವ ಮಾತಲ್ಲ. ತಡಮಾಡಬಾರದು.

ನನಗೆ ಇದಕ್ಕಿಂತ ಬಿಡಿಸಿ ಬರೆಯಲು ಆಗುವುದಿಲ್ಲ. ಫೋನ್ ಮಾಡೋಣವೆಂದರೆ ನಿಮ್ಮ ಮನೆಯಲ್ಲಿ ಫೋನಿಲ್ಲ, ಇಲ್ಲಿ ತಂತಿ ಜೋಡಿಸುವವಳು ಎಲ್ಲರ ಮಾತೂ ಕೇಳಿಸಿಕೊಳ್ಳುತ್ತಾಳೆ.

ಬೊರ್ಘಿಲ್ಡ್


ಬರ್ಗೆನ್, 14 ಡಿಸೆಂಬರ್ 1957

ಅಕ್ಕ,

ಇದನ್ನು ಅಂಚೆ ಕಚೇರಿಯಲ್ಲೇ ಕೂತು ಬರೆಯುತ್ತಿದ್ದೇನೆ. ಇನ್ನು ಮೇಲೆ ಮನೆಗೆ ಬರೆಯಬೇಡ. ನನ್ನ ಹೆಸರು, ಕೆಳಗೆ "ಅಂಚೆ ಕಚೇರಿಯಲ್ಲೇ ಇಟ್ಟಿರುವುದು" ಎಂದು ಬರೆ. ಅತ್ತೆ ನಿನ್ನ ಪತ್ರವನ್ನು ಕಾಫಿ ಮೇಜಿನ ಮೇಲಿಟ್ಟು, "ಅಂಟು ಬಿಟ್ಕೊಂಡಿತ್ತು" ಎಂದರು. ಲೋಟ ತುಟಿಗೆ ಇಟ್ಟುಕೊಂಡು ಕೇಳಿದರು: "ನಿಮ್ಮಪ್ಪನ ಮನೇಲಿ ಹಸು ಇತ್ತಾ? ಬರೀ ಆಡು ಅಂದಿದ್ಯಲ್ಲ?"

ಇಲ್ಲಿ ಯಾರೂ ನನ್ನ ಭುಜದ ಹಿಂದೆ ನಿಂತಿಲ್ಲ, ಹಾಗಾಗಿ ನೇರವಾಗಿ ಬರೆಯುತ್ತೇನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ನಿನ್ನ ಕೋಣೆಯಲ್ಲಿ ಹೆತ್ತದ್ದು ಕರುವಲ್ಲ, ಹೆಣ್ಣು ಮಗು. ನಲವತ್ತು ನಿಮಿಷ ನನ್ನ ಎದೆಯ ಮೇಲಿತ್ತು. ನೀನೇ ಕಂಬಳಿಯಲ್ಲಿ ಸುತ್ತಿಕೊಂಡು ಹೋದೆ. "ಎಲ್ಲಿಗೆ ಅಂತ ಕೇಳ್ಬೇಡ, ನಂಗೂ ಗೊತ್ತಿರಲ್ಲ" ಎಂದೆ. ನಾನು ಕೇಳಲಿಲ್ಲ. ಅದರ ಅಪ್ಪ, ಆ ಟೆಲಿಫೋನ್ ಕಂಬ ನೆಡುವವನು, ಮುಂದಿನ ಊರಿಗೆ ಹೋದ. ಅಮ್ಮ ಸತ್ತಮೇಲೆ ಈ ವಿಷಯ ಗೊತ್ತಿರುವುದು ನಿನಗೆ ಮಾತ್ರ. ನಿನ್ನ ಹತ್ತಿರ ಭದ್ರವಾಗಿದೆ ಎಂದುಕೊಂಡಿದ್ದೆ.

ಈಗ "ಯಜಮಾನ ಕಡಸೆಂದು ತಿಳಿದು ಕೊಂಡುಕೊಂಡ" ಎಂದು ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು? ನನಗೆ ಗಂಡ, ಮನೆ, ಮಗು ಎಲ್ಲ ಬಂದಿತೆಂದು ಹೊಟ್ಟೆಕಿಚ್ಚೇ? ಇಲ್ಲ, ನನ್ನ ಬಾಯಿಂದಲೇ ಎಲ್ಲ ಹೊರಬರಲಿ ಎಂದು ಹೆದರಿಸುತ್ತಿದ್ದೀಯಾ? ಮದುವೆಗೆ ಮುಂಚೆ ಅರ್ವಿದ್ ಒಂದೇ ಮಾತು ಹೇಳಿದ್ದ: "ಸುಳ್ಳೊಂದು ಹೇಳ್ಬೇಡ. ಮಿಕ್ಕಿದ್ದೆಲ್ಲ ನಾನು ತಡ್ಕೋತೀನಿ." ಆಗಲೇ ನಾನು ಆ ಸುಳ್ಳನ್ನು ಹೇಳಿ ಮುಗಿಸಿದ್ದೆ.

ಸಿ.


ಸ್ಟೂರ್‌ಹೊಲ್ಮ, 21 ಡಿಸೆಂಬರ್ 1957

ಸಿನ್ನೋವೆ,

ಬೈದದ್ದು ಬೈದಾಯಿತಲ್ಲ, ಈಗ ಓದು. ಅರ್ಧಕ್ಕೆ ಮಡಚಿಡಬೇಡ.

ನಿನ್ನ ರಕ್ತದಲ್ಲಿ ಒಂದು ಅಂಶ ಇಲ್ಲ. ಮೈನಸ್ ಎಂದರೆ ಅದು. ಹೊಟ್ಟೆಯಲ್ಲಿರುವ ಮಗುವಿಗೆ ಅಪ್ಪನ ಕಡೆಯಿಂದ ಆ ಅಂಶ ಬಂದಿದ್ದರೆ, ಹೆರಿಗೆಯ ಹೊತ್ತಿಗೆ ಮಗುವಿನ ರಕ್ತ ಸ್ವಲ್ಪ ತಾಯಿಯೊಳಗೆ ಸೇರುತ್ತದೆ. ತಾಯಿಯ ರಕ್ತ ಅದನ್ನು ಹಗೆಯೆಂದು ಗುರುತಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಮೊದಲ ಮಗು ಹೊರಬಂದಿರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ಎರಡನೆಯದಕ್ಕೆ. ತಾಯಿಯ ರಕ್ತವೇ ಒಳಗೆ ಮಗುವಿನ ರಕ್ತವನ್ನು ಒಡೆಯುತ್ತಾ ಹೋಗುತ್ತದೆ. ಹುಟ್ಟುವಾಗ ಚೆನ್ನಾಗಿಯೇ ಕಾಣುವ ಮಗು ಎರಡನೇ ದಿನಕ್ಕೆ ಹಳದಿಯಾಗುತ್ತದೆ, ಮೂರನೇ ದಿನಕ್ಕೆ ಹಾಲು ಕುಡಿಯುವುದನ್ನು ಬಿಡುತ್ತದೆ. ಅಂಥ ಇಬ್ಬರನ್ನು ನಾನೇ ತೊಳೆದು ಬಟ್ಟೆ ಹಾಕಿ ಪೆಟ್ಟಿಗೆಯಲ್ಲಿ ಮಲಗಿಸಿದ್ದೇನೆ.

ಮೊದಲೇ ಗೊತ್ತಿದ್ದರೆ ನಿಮ್ಮ ಊರಿನಲ್ಲಿ ಉಪಾಯವಿದೆ. ಹುಟ್ಟಿದ ಕೂಡಲೇ ಮಗುವಿನ ರಕ್ತ ತೆಗೆದು ಬೇರೆ ರಕ್ತ ಹಾಕುತ್ತಾರೆ. ಆದರೆ ನಿನ್ನ ಚೀಟಿಯಲ್ಲಿ ಚೊಚ್ಚಲು ಎಂದಿದೆ. ಅದಕ್ಕೇ ಅವರು ನೋಡುತ್ತಿಲ್ಲ. ಆ ಸಿಸ್ಟರಿನ ತಪ್ಪಲ್ಲ. ನಿನ್ನದು ಮತ್ತು ನನ್ನದು.

"ಆ ಮಗುವಿನ ರಕ್ತ ಪ್ಲಸ್ಸೇ ಎಂದು ನಿನಗೇನು ಗೊತ್ತು?" ಎಂದು ನೀನು ಕೇಳುತ್ತೀಯ. ಗೊತ್ತು. ಅವಳು ಟ್ರೊಂಡ್‌ಹೈಮಿನಲ್ಲಿ ಒಬ್ಬ ಶಾಲಾ ಮೇಷ್ಟ್ರ ಮನೆಯಲ್ಲಿದ್ದಾಳೆ. ಪ್ರತಿ ಕ್ರಿಸ್‌ಮಸ್‌ಗೆ ಅವಳನ್ನು ಸಾಕಿದ ತಾಯಿ ನನಗೆ ಬರೆಯುತ್ತಾಳೆ. ಹೋದ ವರ್ಷ ಹುಡುಗಿಗೆ ಹೊಟ್ಟೆಯ ಆಪರೇಷನ್ ಆದಾಗ ರಕ್ತ ಕೊಟ್ಟರಂತೆ, ಅದರ ಗುಂಪನ್ನೂ ಬರೆದಿದ್ದಳು. ಪ್ಲಸ್. ಈಗ ಗಟ್ಟಿಯಾಗಿದ್ದಾಳೆ.

ಸಿಸ್ಟರಿಗೆ ಒಬ್ಬಳೇ ಹೋಗಿ ಹೇಳು. ಜನವರಿ ಹತ್ತರೊಳಗೆ ಹೇಳದಿದ್ದರೆ ನಾನೇ ಅವಳಿಗೆ ಬರೆಯುತ್ತೇನೆ.

ಬೊರ್ಘಿಲ್ಡ್


ಬರ್ಗೆನ್, 8 ಜನವರಿ 1958

ಬೊರ್ಘಿಲ್ಡ್,

ಪತ್ರವನ್ನು ಕ್ರಿಸ್‌ಮಸ್ ಕಳೆದ ಮೇಲೆ ತೆಗೆದುಕೊಂಡೆ. ಅದನ್ನು ತರಗತಿಯ ಚೀಲದಲ್ಲಿ, ಚಾಪೆಯ ಸುರುಳಿಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಮನೆಯಲ್ಲಿ ಬೇರೆ ಜಾಗವಿಲ್ಲ.

ರಕ್ತದ ಮಾತನ್ನು ಒಂದು ಸಲ ಓದಿದೆ. ಮಿಕ್ಕಿದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಟ್ರೊಂಡ್‌ಹೈಮ್. ಶಾಲಾ ಮೇಷ್ಟ್ರು. ಆಪರೇಷನ್. ಎಂಟು ಕ್ರಿಸ್‌ಮಸ್! ನಾನು ಊರಿಗೆ ಬಂದಾಗಲೆಲ್ಲ ನಿನ್ನ ಅದೇ ಮೇಜಿಗೆ ಕೂತು ಊಟ ಮಾಡಿದ್ದೇನೆ. ಆ ಪತ್ರಗಳು ಎಲ್ಲಿದ್ದವು, ಮೇಜಿನ ಖಾನೆಯಲ್ಲೇ? ಬದುಕಿದೆಯೋ ಇಲ್ಲವೋ ಎಂದು ನಾನು ಯೋಚಿಸುತ್ತಿದ್ದ ಮಗುವಿನ ಹಲ್ಲು ಬಿದ್ದದ್ದು, ಜ್ವರ ಬಂದದ್ದು ನಿನಗೆ ಗೊತ್ತಿತ್ತು. ಇಷ್ಟು ಸುಳ್ಳು ಹೇಳಿದವಳು ಈಗ ಹೇಳುತ್ತಿರುವ ರಕ್ತದ ಕಥೆಯನ್ನು ನಾನು ಯಾಕೆ ನಂಬಬೇಕು? ಸಿಸ್ಟರ್ ಡಾಗ್ನಿ ಯೋಚನೆ ಬೇಡ ಎಂದಿದ್ದಾರೆ. ಮಗು ಚೆನ್ನಾಗಿ ಒದೆಯುತ್ತಿದೆ. ಈ ಪತ್ರ ಬರೆಯುತ್ತಿರುವಾಗಲೂ ಒದೆಯುತ್ತಿದೆ.

ನೀನು ಅವರಿಗೆ ಬರೆದೆಯೋ, ನಿನಗೆ ತಂಗಿ ಇಲ್ಲ ಎಂದುಕೋ.

ಸಿನ್ನೋವೆ


ಬರ್ಗೆನ್, 23 ಜನವರಿ 1958

ಬೊರ್ಘಿಲ್ಡ್,

ಬರೆದೇಬಿಟ್ಟೆಯಲ್ಲ.

ಮೊನ್ನೆ ಮಂಗಳವಾರ ತರಗತಿ ಮುಗಿದಮೇಲೆ ಸಿಸ್ಟರ್ ಡಾಗ್ನಿ ನನ್ನನ್ನು ಮಾತ್ರ ನಿಲ್ಲಿಸಿಕೊಂಡರು. ಬಾಗಿಲು ಹಾಕಿದರು. ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿ, "ನಾನಿದನ್ನ ತಿದ್ದಲ್ಲ, ಯಾರಿಗೂ ತೋರ್ಸಲ್ಲ. ನೀವು ಎಷ್ಟು ಸಲ ಹೆತ್ತಿದೀರಿ, ಅದೊಂದು ಹೇಳಿ" ಎಂದರು. ನಾನು ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಇದ್ದೆ. ಕೊನೆಗೆ "ಒಂದ್ಸಲ" ಎಂದೆ. "ಬೈಯ್ಯೋದೆಲ್ಲ ನಿಮ್ಮನೇಲಿ ಆಗ್ಲೇ ಆಗಿರತ್ತೆ. ನಂಗೆ ನಿಮ್ಮ ತೋಳು ಕೊಡಿ ಸಾಕು" ಎಂದು ಅಲ್ಲೇ ರಕ್ತ ತೆಗೆದುಕೊಂಡರು.

ನಿನಗೆ ಸಮಾಧಾನವಾಯಿತೇ? ಇನ್ನು ಈ ಊರಿನಲ್ಲಿ ನನ್ನ ಗುಟ್ಟು ತಿಳಿದವಳೊಬ್ಬಳು ಗಡಿಯಾರ ಹಿಡಿದು ಓಡಾಡುತ್ತಾಳೆ. ಮತ್ತೆ ಬರೆಯಬೇಡ. ಅಂಚೆ ಕಚೇರಿಗೆ ನಾನು ಹೋಗುವುದಿಲ್ಲ.


ಸ್ಟೂರ್‌ಹೊಲ್ಮ, 31 ಜನವರಿ 1958

ಸಿನ್ನೋವೆ,

ಬರೆದಿದ್ದೆ. ಸುಳ್ಳು ಹೇಳುವುದಿಲ್ಲ. ನಿನ್ನ ಜನವರಿ ಎಂಟರ ಪತ್ರ ಹದಿಮೂರಕ್ಕೆ ಬಂತು. ಹದಿನಾಲ್ಕಕ್ಕೆ ಸಿಸ್ಟರಿಗೆ ಬರೆದು ಅಂಚೆಯವನ ಕೈಗೆ ಕೊಟ್ಟೆ.

ಆದರೆ ಅವತ್ತಿನಿಂದ ಬಿರುಗಾಳಿ. ಹದಿನಾರು ದಿನ ಇಲ್ಲಿಗೆ ದೋಣಿ ಬರಲಿಲ್ಲ. ನಿನ್ನೆ ಬಂದ ದೋಣಿಯಲ್ಲಿ ನಿನ್ನ ಬೈಗುಳದ ಪತ್ರ ಬಂತು. ನನ್ನ ಪತ್ರ ಇನ್ನೂ ಅಂಚೆಯವನ ಚೀಲದಲ್ಲೇ ಬಿದ್ದಿತ್ತು. ಅವನೊಂದಿಗೆ ಜಗಳವಾಡಿ ವಾಪಸು ತೆಗೆದುಕೊಂಡು ಇದರ ಜೊತೆ ಇಟ್ಟಿದ್ದೇನೆ. ಅಂಟು ನೋಡು. ಮೇಲೆ ಮುದ್ರೆಯೂ ಬಿದ್ದಿಲ್ಲ. ಇಪ್ಪತ್ತೊಂದನೇ ತಾರೀಖು ಸಿಸ್ಟರ್ ನಿನ್ನನ್ನು ಕೇಳಿದಾಗ ಈ ಪತ್ರ ಈ ದ್ವೀಪ ಬಿಟ್ಟು ಹೊರಟೇ ಇರಲಿಲ್ಲ.

ಹಾಗಾದರೆ ಹೇಳಿದವರು ಯಾರು?

ನನ್ನ ಡಿಸೆಂಬರಿನ ಪತ್ರವನ್ನು ಚಾಪೆಯೊಳಗೆ ಇಟ್ಟಿದ್ದೇನೆ ಎಂದು ನೀನೇ ಬರೆದಿದ್ದೆ. ಆ ಚಾಪೆಯನ್ನು ಬಿಡಿಸುವವರು, ಒಣಗಿಸುವವರು ಯಾರು ಯೋಚಿಸು. ಅವರು ಏನು ಬಯಸುತ್ತಿದ್ದಾರೋ ನನಗೆ ಗೊತ್ತಿಲ್ಲ. ಹುಷಾರಾಗಿರು.

ರಕ್ತದ ಫಲಿತಾಂಶ ಏನು? ಅದೊಂದನ್ನು ಬರೆ. ನನ್ನನ್ನು ಕ್ಷಮಿಸಬೇಡ, ಅದೊಂದನ್ನು ಬರೆ.

ಬೊರ್ಘಿಲ್ಡ್


ಸ್ಟೂರ್‌ಹೊಲ್ಮ, 10 ಫೆಬ್ರವರಿ 1958

ಸಿನ್ನೋವೆ,

ಎರಡು ದೋಣಿ ಬಂದು ಹೋದವು. ನಿನ್ನಿಂದ ಏನೂ ಇಲ್ಲ. ನಿನ್ನೆ ಇಲ್ಲಿ ಒಂದು ಹೆರಿಗೆ ಮಾಡಿಸಿದೆ, ಆರನೆಯದು. ಮಗುವಿನ ಕಣ್ಣಿನ ಬಿಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನೋಡಿದೆನೆಂದರೆ, "ಯಾಕೆ ಬೊರ್ಘಿಲ್ಡಕ್ಕ, ಏನಾದ್ರೂ ಐಬಿದೆಯಾ?" ಎಂದು ಆ ತಾಯಿ ಅಳಲು ಶುರುಮಾಡಿದಳು.

ಒಂದು ಸಾಲು ಸಾಕು.

ಬೊ.


ಸ್ಟೂರ್‌ಹೊಲ್ಮ, 19 ಫೆಬ್ರವರಿ 1958

ಸಿನ್ನೋವೆ,

ಇದನ್ನು ಮನೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಯಾರು ಬೇಕಾದರೂ ತೆರೆದುಕೊಳ್ಳಲಿ. ತೆರೆದವರು ನಿನ್ನ ಅತ್ತೆ ಪೆತ್ರಾ ಅವರೇ ಆಗಿದ್ದರೆ, ಅಮ್ಮಾ, ನೀವೇ ದಯವಿಟ್ಟು ಬರೆಯಿರಿ: ನನ್ನ ತಂಗಿ ಹೇಗಿದ್ದಾಳೆ? ಮಗು ಇದೆಯೇ?

ಬೊರ್ಘಿಲ್ಡ್


ಬರ್ಗೆನ್, 2 ಮಾರ್ಚ್ 1958

ಅಕ್ಕ,

ಮಗು ಇದೆ. ಗಂಡು. ಇದನ್ನು ಮೊದಲು ಬರೆದು ಆಮೇಲೆ ಮಿಕ್ಕಿದ್ದನ್ನು ಬರೆಯುತ್ತೇನೆ.

ಫೆಬ್ರವರಿ ಐದಕ್ಕೆ ರಕ್ತದ ಫಲಿತಾಂಶ ಬಂತು. ನೀನು ಹೇಳಿದ್ದೇ ನಿಜ. ತಿಂಗಳು ತುಂಬುವವರೆಗೆ ಕಾಯುವಂತಿಲ್ಲ, ಹದಿನೇಳಕ್ಕೆ ನೋವು ಬರಿಸಿ ಹೆರಿಗೆ ಮಾಡಿಸುತ್ತೇವೆ ಎಂದು ಡಾಕ್ಟರು ಹೇಳಿದರು. ಅರ್ವಿದ್‌ನಿಗೆ ಅವರೇ "ಇದು ಎರಡನೇದಾದ್ದರಿಂದ" ಎಂದು ಹೇಳಿಬಿಡುತ್ತಾರೆಂಬ ಭಯ. ಹದಿನೇಳರ ಬೆಳಿಗ್ಗೆ ಅವನು ನನ್ನ ಪೆಟ್ಟಿಗೆ ಹಿಡಿದು ಆಸ್ಪತ್ರೆಯ ದಿಬ್ಬ ಹತ್ತುತ್ತಿದ್ದ. ಅರ್ಧ ದಾರಿಯಲ್ಲಿ, ಒಂದು ಬೇಕರಿಯ ಎದುರು ನಿಂತು ಎಲ್ಲ ಹೇಳಿದೆ. ಅವನು ಪೆಟ್ಟಿಗೆಯನ್ನು ಕೆಳಗಿಟ್ಟ. ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡು ಮತ್ತೆ ಎತ್ತಿದ. ಬಾಗಿಲಲ್ಲಿ ದಾದಿಯ ಕೈಗೆ ಪೆಟ್ಟಿಗೆ ಕೊಟ್ಟು ಹೊರಟುಹೋದ.

ನೋವು ಸೊಂಟದಿಂದಲೇ ಬಂತು. ನೀನು ನಗುತ್ತೀಯ, ಆದರೆ ಆ ಉಸಿರಿನ ಪಾಠ ಕೆಲಸಕ್ಕೆ ಬಂತು ಅಕ್ಕ. ಹಿಡಿದುಕೊಳ್ಳಲು ಯಾರ ಕೈಯೂ ಇಲ್ಲದಾಗ ಎಣಿಸಲು ಏನಾದರೂ ಬೇಕಾಗುತ್ತದೆ. ಮಗುವನ್ನು ನನಗೆ ತೋರಿಸಿ ಕೂಡಲೇ ತೆಗೆದುಕೊಂಡು ಹೋದರು. ನಾನು ಕಿರುಚಿದೆನಂತೆ. "ಎಲ್ಲಿಗೆ ತಗೊಂಡ್ ಹೋಗ್ತಿದೀರಿ ಹೇಳಿ, ಎಲ್ಲಿಗೆ ಅಂತ ಹೇಳಿ" ಎಂದು. ಸಿಸ್ಟರ್ ಡಾಗ್ನಿ ಅವತ್ತು ರಜೆ ಹಾಕಿ ಬಂದಿದ್ದರು. "ಪಕ್ಕದ ಕೋಣೆಗೆ. ಹನ್ನೆರಡು ಹೆಜ್ಜೆ. ಬಾಗಿಲು ತೆಗೆದೇ ಇಡ್ತೀನಿ" ಎಂದರು. ತೆಗೆದೇ ಇಟ್ಟರು. ಹೊಕ್ಕುಳಿನ ನಾಳದಿಂದ ಸ್ವಲ್ಪ ಸ್ವಲ್ಪವೇ ರಕ್ತ ತೆಗೆದು, ಅಷ್ಟಷ್ಟೇ ಬೇರೆ ರಕ್ತ ಹಾಕಿದರು. ಎರಡು ದಿನದ ಮೇಲೆ ಇನ್ನೊಮ್ಮೆ. ಮಧ್ಯೆ ಒಂದು ದಿನ ಅವನು ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದ. ಈಗ ಹಾಲು ಕುಡಿಯುತ್ತಾನೆ, ಕುಡಿದು ಮುಖ ಸಿಂಡರಿಸುತ್ತಾನೆ.

ಹೇಳಿದವರು ಯಾರೆಂದು ಕೇಳಿದ್ದೆಯಲ್ಲ. ಆ ಪತ್ರವನ್ನು ನಾನು ನೋಡಿದ್ದೇ ನಿನ್ನೆ, ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಅಂಚೆ ಕಚೇರಿಗೆ ಹೋದಾಗ. ಅಷ್ಟರಲ್ಲಿ ಉತ್ತರ ಸಿಕ್ಕಾಗಿತ್ತು. ಮೂರನೇ ದಿನ ಅತ್ತೆ ಆಸ್ಪತ್ರೆಗೆ ಬಂದರು. ಹಾಸಿಗೆಯ ಪಕ್ಕ ಟೋಪಿಯನ್ನೂ ತೆಗೆಯದೆ ಕೂತು, "ಮಗೂನ ನೋಡ್ದೆ. ಬಣ್ಣ ಇಳೀತಿದೆ" ಎಂದರು. ಆಮೇಲೆ, ಅಕ್ಕ, ಅಂಗಡಿಯಿಂದ ತರಬೇಕಾದ ಸಾಮಾನು ಹೇಳುವ ದನಿಯಲ್ಲಿ ಹೇಳಿದರು:

"ಅರ್ವಿದ್ ಆದಮೇಲೆ ನಂಗೆ ಮೂರು ಹುಟ್ಟಿದ್ವು. ಮೂರೂ ಹಳದಿಯಾಗಿ ಹೋದ್ವು. ಬೀದಿಯವ್ರು ನನ್ನ ಹಾಲೇ ವಿಷ ಅಂದ್ರು. ನಮ್ಮತ್ತೆ ಬಾಯ್ಬಿಟ್ಟೇ ಅಂದ್ರು. ಅದು ರಕ್ತದ ದೋಷ ಅಂತ ಡಾಕ್ಟ್ರು ಹೇಳೋ ಹೊತ್ತಿಗೆ ನಂಗೆ ಐವತ್ತಾಗಿತ್ತು. ನಿನ್ನ ಚೀಟಿ ನೋಡ್ದೆ, ಮೈನಸ್ ಅಂತಿತ್ತು. ಬಿಳೀ ಗೀರು ನೋಡ್ದೆ. ನಿಮ್ಮಕ್ಕನ ಹಸೂನೂ ಓದ್ದೆ. ಯಾವ ಊರಲ್ಲಿ ಹಸು ನಾಚ್ಕೊಂಡು ಡಾಕ್ಟ್ರಿಗೆ ಹೇಳಲ್ವಂತೆ? ಆಮೇಲೆ ಚಾಪೆ ಒಳಗಿಂದು ಸಿಕ್ತು. ನೀನು ಹೋಗ್ತೀಯೇನೋ ಅಂತ ಎರಡು ಮಂಗಳವಾರ ಕಾದೆ. ನೀನು ಹೋಗ್ಲಿಲ್ಲ. ನಾನು ಹೋದೆ."

"ನನ್ನ ಕಾಗದ ಓದಿದ್ರಾ ಅತ್ತೆ?" ಎಂದೆ.

"ಮೊದಲ್ನೇದ್ರಿಂದ್ಲೂ" ಎಂದರು. "ಮಗನ್ನ ಯಾರ ಕೈಗೆ ಕೊಟ್ಟೆ ಅಂತ ತಿಳ್ಕೋಬೇಡ್ವಾ? ಅರ್ವಿದ್‌ಗೆ ನಾನು ಹೇಳಿಲ್ಲ. ಅದು ನಿನ್ನ ಕೆಲಸ ಆಗಿತ್ತು." ನಿನ್ನ ಕೊನೆಯ ಪತ್ರವನ್ನೂ ಮುಂದಿನ ವಾರ ಅವರೇ ಆಸ್ಪತ್ರೆಗೆ ತಂದುಕೊಟ್ಟರು. ತೆರೆದದ್ದೇ. "ನಂಗೂ ಬರ್ದಿದಾಳಲ್ಲ" ಎಂದರು. ಉತ್ತರ ಬರೆಯಲು ನನ್ನನ್ನೇ ಬಿಟ್ಟರು.

ನನ್ನ ಮಗನ ಜೀವ ಉಳಿಸಿದವರು ಅವರು. ಆದರೂ ಅವರನ್ನು ನಂಬುತ್ತೇನೆಂದು ಹೇಳಲಾರೆ. ನೆಲದ ಹಲಗೆ ಕಿರುಗುಟ್ಟಿದರೆ ಈಗಲೂ ಪೆನ್ನು ನಿಲ್ಲಿಸುತ್ತೇನೆ. ನಿನ್ನ ಮೇಲೆ ಮಾತ್ರ ತಪ್ಪು ಹೊರಿಸಿದೆ. ಬರೆದೆ ಎಂದು ಬೈದೆ, ಆ ಪತ್ರ ಬಂದೇ ಇರಲಿಲ್ಲ. ನಂಬುವುದಿಲ್ಲ ಎಂದೆ, ನೀನು ಹೇಳಿದ್ದೆಲ್ಲ ನಿಜವಾಯಿತು. ಎಂಟು ವರ್ಷ ಮುಚ್ಚಿಟ್ಟದ್ದಕ್ಕೆ ಮಾತ್ರ ನಿನ್ನ ಮೇಲೆ ಇನ್ನೂ ಸಿಟ್ಟಿದೆ, ಅದನ್ನು ಎದುರಿಗೆ ಕೂತು ತೀರಿಸಿಕೊಳ್ಳುತ್ತೇನೆ.

ಇನ್ನು ಅರ್ವಿದ್. ಒಂಬತ್ತು ದಿನ ಪ್ರತಿದಿನವೂ ಬಂದ. ಗಾಜಿನ ಆಚೆ ನಿಂತು ಮಗುವನ್ನು ನೋಡಿ ಹೋದ. ನನ್ನ ಕೋಣೆಗೆ ಬರಲಿಲ್ಲ. ಅವನ ಬೂಟಿನ ಸದ್ದು ನನಗೆ ಗೊತ್ತು, ನನ್ನ ಬಾಗಿಲ ಹತ್ತಿರ ಬಂದಾಗ ನಡಿಗೆ ಜೋರಾಗುತ್ತಿತ್ತು. ಹತ್ತನೇ ದಿನ ಒಳಗೆ ಬಂದು, ಕುರ್ಚಿಯನ್ನು ಹಾಸಿಗೆಯಿಂದ ದೂರ ಎಳೆದು ಕೂತ.

"ಆವಾಗ ನಿನ್ ಜೊತೆ ಯಾರಿದ್ರು?" ಎಂದ.

"ಯಾವಾಗ?"

"ಆವಾಗ. ಹತ್ತೊಂಬತ್ತು ವರ್ಷದವಳಿದ್ದಾಗ."

"ಅಕ್ಕ ಇದ್ಲು."

"ಬೇರೆ ಯಾರೂ ಇರ್ಲಿಲ್ವಾ?"

"ಇಲ್ಲ."

ಸುಮಾರು ಹೊತ್ತು ತನ್ನ ಟೋಪಿಯ ಅಂಚನ್ನು ತಿರುಗಿಸುತ್ತಿದ್ದ. "ಸುಳ್ಳು ಹೇಳ್ಬೇಡ ಅಂದಿದ್ದೆ" ಎಂದ. "ಹೂಂ" ಎಂದೆ. "ಹಾಗಂದಮೇಲೆ ಆಗ್ಲೇ ಹೇಳಿದ್ ಸುಳ್ಳನ್ನ ನೀನು ಹೇಗೆ ಒಪ್ಕೋತಿದ್ದೆ, ಅದೂ ನಿಜ" ಎಂದ. ಎದ್ದು ಬಾಗಿಲವರೆಗೆ ಹೋಗಿ, ತಿರುಗದೆಯೇ, "ನಿಮ್ಮಕ್ಕನ್ನ ಕರ್ಸು. ನಾನು ನೋಡ್ಬೇಕು" ಎಂದ.

ಅದು ಪ್ರೀತಿಯ ಮಾತೋ, ವಿಚಾರಣೆಗೆ ಕರೆಯುವ ಮಾತೋ ನನಗೆ ತಿಳಿಯಲಿಲ್ಲ. ಅವನ ಮುಖ ನನಗೆ ಕಾಣುತ್ತಿರಲಿಲ್ಲ. ಆದರೂ ಬಾ.

ಸಿನ್ನೋವೆ


ಸ್ಟೂರ್‌ಹೊಲ್ಮ, 9 ಮಾರ್ಚ್ 1958

ಸಿನ್ನೋವೆ,

ಮಂಗಳವಾರದ ದೋಣಿಗೆ ಹೊರಡುತ್ತೇನೆ. ಪಕ್ಕದ ದ್ವೀಪದ ಸೂಲಗಿತ್ತಿಗೆ ಒಂದು ವಾರ ನನ್ನ ಬಸುರಿಯರನ್ನು ನೋಡಿಕೊಳ್ಳಲು ಹೇಳಿದ್ದೇನೆ. ಇಪ್ಪತ್ತು ವರ್ಷದಲ್ಲಿ ಇದು ನನ್ನ ಮೊದಲ ರಜೆ.

ನಿನ್ನ ಗಂಡ ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬಯ್ಯಬೇಕೆಂದಿದ್ದರೆ ಬಯ್ಯಲಿ. ಪೆತ್ರಾ ಅವರ ಹತ್ತಿರವೂ ಒಂದು ಗಂಟೆ ಕೂರಬೇಕು. ಅವರ ಮೂರು ಮಕ್ಕಳ ಹೆಸರೇನೆಂದು ಇದುವರೆಗೆ ಯಾರಾದರೂ ಕೇಳಿದ್ದಾರೆಯೇ? ಆ ಸಿಸ್ಟರಿನ ತರಗತಿಗೂ ಒಂದು ಸಂಜೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನಗಬೇಡ.

ಟ್ರೊಂಡ್‌ಹೈಮಿಗೆ ಮೊನ್ನೆಯೇ ಬರೆದೆ. ನಿನ್ನ ಎರಡನೇ ಮಗುವಿಗೆ ಏನಾಯಿತೆಂದು ಆ ಸಾಕುತಾಯಿಗೆ ತಿಳಿಸಿದೆ. ಅವಳಿಂದ ಉತ್ತರ ಬರಲು ಇನ್ನೂ ದಿನವಾಗುತ್ತದೆ. ಬರದೆಯೂ ಇರಬಹುದು. ಅದಕ್ಕೆ ಅವಳನ್ನು ದೂರಲಾರೆ.

ಎಂಟು ವರ್ಷದಲ್ಲಿ ನೀನು ಒಂದು ಸಲವೂ ಹುಡುಗಿಯ ಹೆಸರು ಕೇಳಲಿಲ್ಲ. ಈ ನಾಲ್ಕು ಪುಟದಲ್ಲೂ ಕೇಳಿಲ್ಲ. ಕೇಳಿದರೆ ತಡೆದುಕೊಳ್ಳಲಾರೆ ಎಂಬ ಭಯವಿರಬೇಕು. ನನಗೂ ಹೇಳಲು ಅದೇ ಭಯವಿತ್ತು. ಇನ್ನು ಅದು ಬೇಡ. ಅವಳ ಹೆಸರು ಯೋರುನ್.

ಬೊರ್ಘಿಲ್ಡ್